ಒಡೆದು ಓದಬೇಕಾದ ಕಾಗದ

ಸಂತೋಷದ ಸುದ್ದಿಗಳೆಲ್ಲ ಈಗ ಫೋನಿಗೆ ಬರುತ್ತವೆ. ಮದುವೆಯ ಕರೆಯೋಲೆ, ಮೊಮ್ಮಗು ಹುಟ್ಟಿದ ವಿಷಯ, ಪಿಯುಸಿ ಫಲಿತಾಂಶ, ಊರ ಹೋರಿ ಹಬ್ಬದ ವಿಡಿಯೊ, ಎಲ್ಲವೂ ವಾಟ್ಸಾಪಿನಲ್ಲಿ. ಅಂಚೆಯಣ್ಣ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗಿದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಹುಟ್ಟುವುದು ಅಳುಕು. ಬ್ಯಾಂಕಿನ ನೋಟಿಸು, ಸೊಸೈಟಿಯ ಸುಸ್ತಿ ನೋಟಿಸು, ಲೋಕ ಅದಾಲತ್ತಿಗೆ ಬನ್ನಿ ಎಂಬ ಕಾಗದ, ಟ್ರ್ಯಾಕ್ಟರಿಗೆ ಸಾಲ ಕೊಟ್ಟ ಫೈನಾನ್ಸಿನವರ ಪರವಾಗಿ ಯಾವುದೋ ದೂರದೂರಿನ ವಕೀಲರು ಕಳಿಸಿದ ಲಾಯರ್ ನೋಟಿಸು, ಹೀಗೆ ಬರುವುದೆಲ್ಲ ಬಾಕಿಯ ಕಾಗದವೇ. ಸಹಿ ಹಾಕಿ ತೆಗೆದುಕೊಂಡವರು ಅದನ್ನು ಒಡೆಯುವುದಿಲ್ಲ. ದೇವರ ಫೋಟೊದ ಹಿಂದೆಯೋ, ಕ್ಯಾಲೆಂಡರಿನ ಮೊಳೆಗೋ, ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಚೀಲದೊಳಗೋ ಸೇರಿಸಿಬಿಡುತ್ತಾರೆ. ಕೆಲವರು ಸಹಿಯನ್ನೂ ಹಾಕುವುದಿಲ್ಲ. "ಮನೇಲಿ ಯಾರೂ ಇಲ್ಲ ಅಂತ ಬರ್ಕೊಳ್ಳಣ್ಣ" ಎಂದು ವಾಪಸ್ ಕಳಿಸುತ್ತಾರೆ.

ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದವನು. ಹುಟ್ಟಿದ್ದು ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಹಳ್ಳಿಯಲ್ಲಿ. ಹೀಗಾಗಿ ಎರಡೂ ತಾಲ್ಲೂಕಿನ ಜನ ಇಂಥ ಕಾಗದ ಹಿಡಿದು ಮನೆಗೆ ಬರುತ್ತಾರೆ. ಹಳೆಯ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮ, ನೆಂಟರಿಷ್ಟರು, ಶಿರಾಳಕೊಪ್ಪದ ಸಂತೆಗೆ ಬಂದವರು. ನಾನು ವಕೀಲನಲ್ಲ. ಕಾಗದ ಓದಿ ಅರ್ಥ ಹೇಳುತ್ತೇನೆ, ಉತ್ತರ ಬರೆದುಕೊಡುತ್ತೇನೆ, ಕೋರ್ಟಿನ ವಿಷಯವಾದರೆ ವಕೀಲರ ಹತ್ತಿರ ಕಳಿಸುತ್ತೇನೆ. ಈ ಕೆಲಸ ಮಾಡುತ್ತ ಮಾಡುತ್ತ ನನಗೊಂದು ನಂಬಿಕೆ ಬಲವಾಗಿದೆ. ಬಾಕಿಯ ಕಾಗದ ಎಷ್ಟೇ ಖಾರವಾಗಿರಲಿ, ಅದನ್ನು ಕೊನೆಯ ಸಾಲಿನವರೆಗೆ, ಗಟ್ಟಿಯಾಗಿ, ಜೊತೆಗೊಬ್ಬರು ಕೂತು ಓದಿದರೆ, ಮುಂದೆ ಮಾಡಬೇಕಾದ ಕೆಲಸ ಏನೆಂಬುದು ಅದರಲ್ಲೇ ಸಿಗುತ್ತದೆ.

ಈ ನಂಬಿಕೆ ಸಮುದ್ರದಾಚೆಯ ಕಾಗದಕ್ಕೂ ಸಲ್ಲುತ್ತದೆ ಎಂದು ತೋರಿಸಿಕೊಟ್ಟವಳು ನನ್ನ ಅಣ್ಣನ ಮಗಳು. ಅವಳು ಗಂಡನೊಂದಿಗೆ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿದ್ದಾಳೆ. ಒಂದು ದಿನ ಕಾಗದವೊಂದರ ಫೋಟೊ ಕಳಿಸಿ, "ಚಿಕ್ಕಪ್ಪಾ, ಇದನ್ನ ಒಂದ್ಸಲ ನೋಡು, ಅಮ್ಮಂಗೆ ಹೇಳ್ಬೇಡ" ಎಂದಳು. ಮಗಳ ದನಿಯಲ್ಲೇ ಏನೋ ಆಗಿದೆಯೆಂದು ಅತ್ತಿಗೆಗೆ ಅಷ್ಟರಲ್ಲಿ ಗೊತ್ತಾಗಿಹೋಗಿತ್ತು. ಅವರು ಆನವಟ್ಟಿಯಿಂದ ಫೋನು ಮಾಡಿ, "ಮೇಷ್ಟ್ರೇ, ಅಲ್ಲಿ ಪೊಲೀಸ್ರು ಬರ್ತಾರಂತಾ? ಕೆಲಸಕ್ಕೆ ಏನಾದ್ರೂ ತೊಂದ್ರೆ ಆಗ್ತದಾ? ಅಡಿಕೆ ದುಡ್ಡಿದೆ, ಕಳಿಸ್ತೀನಿ, ಕಟ್ಟಿ ಮುಗಿಸ್ಲಿ" ಎಂದರು. ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆಯನ್ನೂ ಹೊತ್ತಾಗಿತ್ತು.

ನಾನು ಫೋಟೊವನ್ನು ದೊಡ್ಡದು ಮಾಡಿಕೊಂಡು ಓದಿದೆ. ಮೇಲ್ಗಡೆ ಅಡ್ಡಕ್ಕೆ ಕೆಂಪು ಪಟ್ಟಿ, ಅದರೊಳಗೆ ಇದು ಕೊನೆಯ ಎಚ್ಚರಿಕೆ ಎಂಬ ದಪ್ಪ ಅಕ್ಷರ. ನಡುವೆ ಚೌಕದೊಳಗೆ 170 ಪೌಂಡ್. ಅದರ ಕೆಳಗೆ ಕೋರ್ಟು, ತೀರ್ಪು, ಮುಂದೆ ಮನೆಸಾಲ ಸಿಗದಂತಾಗುವುದು, ಇವುಗಳ ಮಾತು. ಪುಟದ ಬುಡದಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣಕ್ಷರದಲ್ಲಿ, ಈ ಕಾಗದ ಬರೆದವರು ಯಾರು, ಯಾರ ಪರವಾಗಿ ಬರೆದವರು ಎಂಬ ವಿವರ. ಕೋರ್ಟಿಗೆ ಹೋಗುತ್ತೇವೆ ಎಂದು ಒಂದು ಕಡೆಯೂ ಇರಲಿಲ್ಲ, ಹೋಗಬಹುದು ಎಂದಷ್ಟೇ ಇತ್ತು. ಬರೆದವರು ಕೋರ್ಟಿನವರಲ್ಲ, ಸರ್ಕಾರದವರಲ್ಲ, ಪೊಲೀಸರಂತೂ ಅಲ್ಲವೇ ಅಲ್ಲ. ಇನ್ನೊಬ್ಬರ ಬಾಕಿಯನ್ನು ಎತ್ತಿಕೊಡುವ ಒಂದು ವಸೂಲಿ ಕಂಪನಿ, ಅಷ್ಟೆ.

ನಡೆದದ್ದು ಇಷ್ಟು. ಅವಳು ಅಂಗಡಿ ಸಾಲಿನ ಪಕ್ಕದ ಖಾಸಗಿ ಜಾಗದಲ್ಲಿ ಕಾರು ನಿಲ್ಲಿಸಿ ಯಂತ್ರಕ್ಕೆ ಹಣ ಕಟ್ಟಿದ್ದಳು. ಕಟ್ಟುವಾಗ ಕಾರಿನ ನಂಬರಿನಲ್ಲಿ ಒಂದು ಅಕ್ಷರ ಬೇರೆ ಒತ್ತಿಹೋಗಿತ್ತು. ಒಳಗೆ ಬರುವ, ಹೊರಗೆ ಹೋಗುವ ಕಾರಿನ ನಂಬರನ್ನು ಕ್ಯಾಮೆರಾ ಬರೆದುಕೊಳ್ಳುತ್ತದೆ. ಆ ನಂಬರಿಗೆ ಹಣ ಬಂದಿಲ್ಲವೆಂದು ಕಂಪ್ಯೂಟರು 100 ಪೌಂಡ್ ಚಾರ್ಜು ಹಾಕಿತು. ಬೇಗ ಕಟ್ಟಿದವರಿಗೆ ಕಡಿಮೆಯಾಗುತ್ತಿತ್ತು. ಅವಳು ಆಗಷ್ಟೇ ಮನೆ ಬದಲಿಸಿದ್ದಳು, ಹಾಗಾಗಿ ಮೊದಲ ಕಾಗದಗಳೆಲ್ಲ ಹಳೆಯ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದವು. ಅವಳ ಕೈಗೆ ಸಿಕ್ಕ ಮೊದಲ ಕಾಗದವೇ ವಸೂಲಿಯವರದ್ದು. ಅಷ್ಟರಲ್ಲಿ ಅವರು ತಮ್ಮ ಖರ್ಚೆಂದು 70 ಪೌಂಡ್ ಸೇರಿಸಿಬಿಟ್ಟಿದ್ದರು.

ಈ ವ್ಯವಸ್ಥೆಯ ಒಳಗನ್ನು ತಿಳಿದುಕೊಳ್ಳಲು ನಾವಿಬ್ಬರೂ ಕೂತೆವು, ಅವಳು ಅಲ್ಲಿ, ನಾನು ಇಲ್ಲಿ. ಇಂಗ್ಲೆಂಡಿನಲ್ಲಿ ನಗರಸಭೆ ಹಾಕುವ ಪಾರ್ಕಿಂಗ್ ದಂಡ ಬೇರೆ, ಖಾಸಗಿ ಜಾಗದವರು ಹಾಕುವ ಚಾರ್ಜು ಬೇರೆ. ಮೊದಲನೆಯದಕ್ಕೆ ಕಾನೂನಿನ ಅಧಿಕಾರವಿದೆ. ಎರಡನೆಯದು ಕರಾರು ಮುರಿದಿದ್ದೀರಿ ಎಂದು ಒಂದು ಕಂಪನಿ ಕಳಿಸುವ ಬಿಲ್ಲು. ಹಿಂದೆ ಅಲ್ಲಿನ ಖಾಸಗಿ ಜಾಗದವರು ಕಾರಿನ ಚಕ್ರಕ್ಕೆ ಕಬ್ಬಿಣದ ಬೀಗ ಜಡಿದು ಹಣ ಕೀಳುತ್ತಿದ್ದರು. 2012ರ ಸ್ವಾತಂತ್ರ್ಯ ರಕ್ಷಣಾ ಕಾಯ್ದೆ ಆ ವರ್ಷದ ಅಕ್ಟೋಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅದನ್ನು ನಿಷೇಧಿಸಿತು. ಬದಲಿಗೆ, ಕಾರು ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಕಾರಿನ ನೋಂದಾಯಿತ ಒಡೆಯರಿಂದ ಹಣ ಕೇಳುವ ಹಕ್ಕನ್ನು ಷರತ್ತುಗಳೊಂದಿಗೆ ಕೊಟ್ಟಿತು. ಒಂದು ಷರತ್ತು ಇದು: ಕ್ಯಾಮೆರಾ ನೋಡಿ ಚಾರ್ಜು ಹಾಕಿದ್ದರೆ ಒಡೆಯರಿಗೆ 14 ದಿನದೊಳಗೆ ನೋಟಿಸು ತಲುಪಬೇಕು. ವಿಳಾಸವನ್ನು ಕಂಪನಿಗಳು ಸರ್ಕಾರದ ವಾಹನ ನೋಂದಣಿ ಇಲಾಖೆಯಿಂದ ಒಂದೊಂದಕ್ಕೆ 2.50 ಪೌಂಡ್ ಕೊಟ್ಟು ಪಡೆಯುತ್ತವೆ. ಇಲಾಖೆಯ ಪುಸ್ತಕದಲ್ಲಿ ಹಳೆಯ ವಿಳಾಸವಿದ್ದರೆ ಕಾಗದವೂ ಅಲ್ಲಿಗೇ ಹೋಗುತ್ತದೆ.

ಖಾಸಗಿಯವರ ಚಾರ್ಜು ತಾನೆ, ಕಟ್ಟದೆ ಸುಮ್ಮನಿದ್ದರಾಯಿತು ಎನ್ನುವವರು ಅಲ್ಲಿನ ನಮ್ಮವರಲ್ಲೂ ಇದ್ದಾರೆ. ಆ ಮಾತು ಅಪಾಯದ್ದು. ಚೆಲ್ಮ್ಸ್‌ಫರ್ಡ್ ಊರಿನ ಒಂದು ಅಂಗಡಿ ಮೈದಾನದಲ್ಲಿ ಎರಡು ಗಂಟೆ ಪುಕ್ಕಟೆ ನಿಲ್ಲಿಸಬಹುದಿತ್ತು. ಬ್ಯಾರಿ ಬೀವಿಸ್ ಎಂಬವರು 56 ನಿಮಿಷ ಹೆಚ್ಚು ನಿಲ್ಲಿಸಿದರು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಇದು ಅನ್ಯಾಯದ ದಂಡವೆಂದು ಅವರು ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ನವೆಂಬರ್ 4ರಂದು ಅವರ ವಿರುದ್ಧವೇ ತೀರ್ಪು ಬಂತು. ಫಲಕ ದೊಡ್ಡದಾಗಿತ್ತು, ಷರತ್ತು ಸ್ಪಷ್ಟವಾಗಿತ್ತು, ಜಾಗ ಎಲ್ಲರಿಗೂ ಸಿಗುವಂತೆ ನೋಡಿಕೊಳ್ಳುವ ನ್ಯಾಯವಾದ ಹಿತಾಸಕ್ತಿ ಕಂಪನಿಗಿತ್ತು, ಹಣವೂ ವಿಪರೀತವಲ್ಲ ಎಂದು ನ್ಯಾಯಾಲಯ ಹೇಳಿತು. ನಮ್ಮಲ್ಲಿ 1872ರ ಕರಾರು ಕಾಯ್ದೆಯ 74ನೇ ಕಲಮು ಇದನ್ನು ಬೇರೆ ರೀತಿ ನೋಡುತ್ತದೆ. ಕರಾರಿನಲ್ಲಿ ದಂಡದ ಮೊತ್ತ ಎಷ್ಟೇ ಬರೆದಿರಲಿ, ಕೋರ್ಟು ಆ ಮೊತ್ತದ ಮಿತಿಯೊಳಗೆ ನ್ಯಾಯವೆನಿಸುವ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ಅತ್ತಿಗೆಗೆ ನಾನು ಹೇಳಬೇಕಾಗಿದ್ದದ್ದು ಈ ತೀರ್ಪು, ಕಲಮುಗಳ ಮಾತಲ್ಲ. ವಸೂಲಿ ಕಂಪನಿಯವರು ಮಗಳ ಮನೆಯೊಳಗೆ ಕಾಲಿಡುವಂತಿಲ್ಲ, ಒಂದು ಚಮಚವನ್ನೂ ಮುಟ್ಟುವಂತಿಲ್ಲ ಎಂಬುದನ್ನು. ಅಲ್ಲಿ ಸಾಮಾನು ಜಪ್ತಿ ಮಾಡುವವರು ಬರಬೇಕಾದರೆ ಮೊದಲು ಕೋರ್ಟಿನಲ್ಲಿ ದಾವೆ ಹೂಡಬೇಕು, ತೀರ್ಪಾಗಬೇಕು, ಆ ತೀರ್ಪಿನ ಹಣ ಕಟ್ಟದೆ ಉಳಿಯಬೇಕು. ತೀರ್ಪಾದ ಮೇಲೂ ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ದಾಖಲೆಯಿಂದ ಹೆಸರು ಅಳಿಸುತ್ತಾರೆ, ಕಟ್ಟದಿದ್ದರೆ 6 ವರ್ಷ ಉಳಿಯುತ್ತದೆ. ಇದನ್ನೆಲ್ಲ ಹೇಳಿದ ಮೇಲೆ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಮನೇಲಿ ಹಿಂಗೆ ಹೇಳೋರು ಯಾರೂ ಇರ್ಲಿಲ್ಲ" ಎಂದರು.

ಅವರ ಹೆದರಿಕೆಯ ಬೇರು ಅಲ್ಲಿತ್ತು. ಅವರು ಚಿಕ್ಕವರಿದ್ದಾಗ ತವರಿನಲ್ಲಿ ಬಾಕಿ ವಸೂಲಿಗೆ ಬಂದವರು ಬಚ್ಚಲಿನ ತಾಮ್ರದ ಹಂಡೆಯನ್ನು ಕಿತ್ತು ಗಾಡಿಗೆ ಹಾಕಿದ್ದರು. ಒಲೆಯ ಮೇಲಿನ ಪಾತ್ರೆಗಳನ್ನೂ ಅಂಗಳಕ್ಕೆ ತಂದಿಟ್ಟಿದ್ದರು. ಊರೆಲ್ಲ ನೋಡುತ್ತ ನಿಂತಿತ್ತು. ಅವರಪ್ಪ ಆಮೇಲೆ ಎಷ್ಟೋ ದಿನ ಕಟ್ಟೆಗೆ ಹೋಗಲಿಲ್ಲವಂತೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ಅಂದು ಯಾರಾದರೂ ಓದಿ ಹೇಳಿದ್ದರೆ! ಕೋರ್ಟಿನ ಡಿಕ್ರಿಯೇ ಇದ್ದರೂ ಕೆಲವನ್ನು ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ ಅದು. ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಒಕ್ಕಲಿಗನ ಬೇಸಾಯದ ಸಾಮಾನು, ಅವನ ಜೀವನಕ್ಕೆ ಬೇಕಾದ ದನ ಮತ್ತು ಬಿತ್ತನೆ ಬೀಜ, ಕಸುಬಿನವನ ಉಪಕರಣ, ಧರ್ಮದ ಪದ್ಧತಿಯಂತೆ ಹೆಣ್ಣುಮಗಳು ಕಳಚಬಾರದ ಒಡವೆ, ಇವೆಲ್ಲ ಆ ಪಟ್ಟಿಯಲ್ಲಿವೆ. ನೂರು ವರ್ಷ ದಾಟಿದ ಕಾನೂನು ಇದು. ಪುಸ್ತಕದಲ್ಲಿತ್ತು, ಅಂಗಳಕ್ಕೆ ಬರಲಿಲ್ಲ.

ಈಗಲೂ ಪೂರ್ತಿ ಬಂದಿಲ್ಲ. ಶಿರಾಳಕೊಪ್ಪದ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಸಂಘದ ಸಾಲದ ಕಾಗದ ಹಿಡಿದು ಬಂದಿದ್ದರು. ನಮ್ಮ ಕಡೆ ಮೈಕ್ರೋಫೈನಾನ್ಸ್ ಎನ್ನುವುದಕ್ಕಿಂತ ಸಂಘದ ಸಾಲ ಎನ್ನುವುದೇ ರೂಢಿ. ಹೆಂಗಸರ ಗುಂಪು ಕಟ್ಟಿ, ಒಬ್ಬರಿಗೊಬ್ಬರು ಹೊಣೆಯಾಗಿ, ಯಾರದೋ ಜಗಲಿಯ ಮೇಲೆ ಕೂತು ಕಂತು ಕಟ್ಟುತ್ತಾರೆ. ಆ ತಾಯಿ ಶುಂಠಿ ಹಾಕಲು ಸಾಲ ತೆಗೆದಿದ್ದರು. ಗಡ್ಡೆ ಕೊಳೆತುಹೋಯಿತು, ಗಂಡ ಹಾಸಿಗೆ ಹಿಡಿದರು, ಕಂತು ನಿಂತಿತು. ಸಂಜೆ ಕತ್ತಲಾದ ಮೇಲೆ ವಸೂಲಿಯ ಹುಡುಗರು ಬಂದು ಜಗಲಿಯ ಮೇಲೆ ಕೂರುತ್ತಿದ್ದರು. "ದುಡ್ಡು ಕೊಡೋ ತನಕ ಏಳಲ್ಲ ಅಂತಾರೆ ಸಾ. ಮಗಳು ಒಳಗೆ ಓದ್ಕೊಂತಾ ಇರ್ತಾಳೆ, ಅವಳ ಎದುರಿಗೆ ಏನೇನೋ ಅಂತಾರೆ. ಗುಂಪಿನ ಹೆಂಗಸ್ರೂ ನನ್ ಮುಖ ನೋಡದು ಬಿಟ್ಟಾರೆ." ಅದರ ಹಿಂದೆಯೇ ಲಾಯರ್ ನೋಟಿಸು. 7 ದಿನದೊಳಗೆ ಪೂರ್ತಿ ಕಟ್ಟದಿದ್ದರೆ ಪೊಲೀಸ್ ಕ್ರಮ ಎಂದಿತ್ತು. ಅವರು ಅದನ್ನು ಒಡೆದೇ ಇರಲಿಲ್ಲ. ಪಕ್ಕದ ಮನೆಯ ಹುಡುಗ ಹೊರಗಿನಿಂದಲೇ ನೋಡಿ, ಇದು ಕೋರ್ಟಿನದು ಎಂದುಬಿಟ್ಟಿದ್ದ.

ನಾನು ಅವರ ಎದುರಿಗೇ ಲಕೋಟೆ ಒಡೆದು ಗಟ್ಟಿಯಾಗಿ ಓದಿದೆ. ಅಸಲು ಎಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು ಎಂಬ ವಿಭಾಗವೇ ಇರಲಿಲ್ಲ. ಒಟ್ಟು ಮೊತ್ತ ಮಾತ್ರ ಇತ್ತು. ಅವರ ಸಾಲದ ಕಾರ್ಡನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ, ಕಟ್ಟಿದ ಕಂತುಗಳಲ್ಲಿ ಕೆಲವು ನೋಟಿಸಿನ ಲೆಕ್ಕಕ್ಕೆ ಬಂದಂತೆಯೇ ಕಾಣಲಿಲ್ಲ. ಕಾರ್ಡಿನಲ್ಲಿ ಆಯಾ ತಾರೀಖಿನ ಮುಂದೆ ವಸೂಲಿಗಾರರ ಸಹಿ ಇತ್ತು. ಸಾಲ ತೀರಿಸಲಾಗದೆ ಹೋದದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ, ಅದು ಸಿವಿಲ್ ವಿಷಯ ಎಂದು ಹೇಳಿದಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಚೆಕ್ ಕೊಟ್ಟು ಅದು ಹಣವಿಲ್ಲದೆ ವಾಪಸಾದರೆ ಮಾತ್ರ ಮಾತು ಬೇರೆ. ಅದಕ್ಕೆ ಜೈಲಿನ ಶಿಕ್ಷೆಯೂ ಇದೆ. ಸಾಲ ಕೊಡುವಾಗ ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇರುವುದೇ ಈ ಕಾರಣಕ್ಕೆ. ಖಾಲಿ ಚೆಕ್ಕಿಗೆ ಯಾರೂ ಸಹಿ ಹಾಕಬಾರದು ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ರಿಸರ್ವ್ ಬ್ಯಾಂಕು 2022ರ ಮಾರ್ಚ್ 14ರಂದು ಹೊರಡಿಸಿದ ಮೈಕ್ರೋಫೈನಾನ್ಸ್ ನಿರ್ದೇಶನ ಆ ತಾಯಿಯ ಜಗಲಿಗೆ ನೇರವಾಗಿ ಸಂಬಂಧಿಸಿದ್ದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನು ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬೈಯುವಂತಿಲ್ಲ, ಮನೆಯವರನ್ನು ಪೀಡಿಸುವಂತಿಲ್ಲ. ಕಂತು ಪಡೆಯುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಆ ಜಾಗಕ್ಕೆ ಸಾಲಗಾರರು ಒಂದರ ಹಿಂದೊಂದು ಎರಡು ಸಲವಾದರೂ ಬಾರದಿದ್ದಾಗ ಮಾತ್ರ ಮನೆಗೆ ಹೋಗಬಹುದು. ದಂಡವನ್ನು ಸುಸ್ತಿಯಾದ ಕಂತಿನ ಮೇಲೆ ಹಾಕಬೇಕು, ಇಡೀ ಸಾಲದ ಮೇಲಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಈ ಸಾಲ. ಅದರ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ವಿವರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆ. ಆ ಹಾಳೆ ಕೈಯಲ್ಲಿದ್ದ ಮೇಲೆ, ಅವರೇ ಗುಂಪಿನ ಸಭೆಯಲ್ಲಿ ಎದ್ದು ನಿಂತು ಓದಿಸಿದರಂತೆ. ಕಂಪನಿಗೆ ಒಂದು ಪತ್ರವೂ ಹೋಯಿತು: ಲೆಕ್ಕದ ವಿವರ ಕೊಡಿ, ಕತ್ತಲಾದ ಮೇಲೆ ಮನೆಗೆ ಬರಬೇಡಿ, ಗೋವಿನಜೋಳ ಮಾರಿದ ಮೇಲೆ ಇಷ್ಟಿಷ್ಟು ಕಟ್ಟುತ್ತೇನೆ ಎಂದು. ಬಾಕಿ ತೀರಿಸಬಾರದೆಂಬ ಮನಸ್ಸು ಅವರಿಗೆ ಯಾವತ್ತೂ ಇರಲಿಲ್ಲ. ಮರ್ಯಾದೆಯಿಂದ ತೀರಿಸಲು ಅವಕಾಶ ಬೇಕಿತ್ತು. ಹೊಸ ಕಂತಿಗೆ ಕಂಪನಿ ಒಪ್ಪಿತು.

2025ರ ಆರಂಭದ ತಿಂಗಳುಗಳನ್ನು ನೆನೆದರೆ ಇಂದಿಗೂ ಹೊಟ್ಟೆ ಸಂಕಟವಾಗುತ್ತದೆ. ಇಂಥ ಸಾಲದ ವಸೂಲಿಯ ಕಾಟಕ್ಕೆ ನೊಂದವರ ಆತ್ಮಹತ್ಯೆಯ ಸುದ್ದಿ ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬರುತ್ತಿತ್ತು. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿತ್ತು. ಸರ್ಕಾರ ಸುಗ್ರೀವಾಜ್ಞೆ ತಂದಿತು. ಮೊದಲ ಸಲ ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು, ಫೆಬ್ರವರಿ 12ರಂದು ಒಪ್ಪಿಗೆ ಸಿಕ್ಕಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಎಂದು ಅದು ಹೇಳಿತು. ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಆದರೆ ಊರು ಬಿಟ್ಟು ಹೋದವರ ಮನೆಯಲ್ಲೂ ಒಡೆಯದ ಕಾಗದಗಳು ಬಿದ್ದಿರಬೇಕೆಂದು ನನಗೆ ಆಗ ಅನಿಸುತ್ತಿತ್ತು. ಓದಿ ಹೇಳುವ ಒಬ್ಬರು ಪಕ್ಕದಲ್ಲಿದ್ದಿದ್ದರೆ ಅವರಲ್ಲಿ ಕೆಲವರಾದರೂ ಊರಲ್ಲೇ ಉಳಿಯುತ್ತಿದ್ದರು.

ವಸೂಲಿಯ ಲೆಕ್ಕದ ಪುಸ್ತಕದೊಂದಿಗೆ ನಮ್ಮ ನೆಲದ ಸಂಬಂಧ ಹಳೆಯದು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ 1942ರಲ್ಲಿ ಕಂದಾಯ ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡು, ಊರಿಗೆ ಸ್ವಾತಂತ್ರ್ಯ ಘೋಷಿಸಿ, ಎಳೆಯ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಕೂರಿಸಿದರು. ಆ ಹೋರಾಟದ ಬೆಲೆ ದೊಡ್ಡದಾಗಿತ್ತು. ಎರಡೂ ಕಡೆ ಜೀವ ಹೋಯಿತು, 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಮುಂದೆ ದೇವರಾಜ ಅರಸರ ಕಾಲದಲ್ಲಿ, 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ, ಬಡವರ ಖಾಸಗಿ ಸಾಲಗಳನ್ನು ತೀರಿದವೆಂದು ಸಾರಿತು. ಅಡವಿಟ್ಟ ಪಾತ್ರೆ, ಒಡವೆ ಒಡೆಯರಿಗೆ ಮರಳಬೇಕೆಂದಿತು. ಅಡವಿನ ಅಂಗಡಿಯಿಂದ ಚೊಂಬು ತಂದವರ ಮಾತನ್ನು ನಾನು ಹುಡುಗನಾಗಿ ಕೇಳಿದ್ದೇನೆ. ವಸೂಲಿಗೆ ಬರುವ ಪುಸ್ತಕವೂ ಪ್ರಶ್ನಿಸಬಹುದಾದ ಪುಸ್ತಕ ಎಂಬ ತಿಳಿವಳಿಕೆ ಇಲ್ಲಿನ ಹಿರಿಯರಿಗೆ ಇತ್ತು.

ಪ್ರಶ್ನೆ ಕೇಳುವ ಕ್ರಮವನ್ನು ನಾನು ಹುಡುಗರಿಗೆ ಬಳ್ಳಿಗಾವಿಯ ಕಲ್ಲುಗಳ ಮುಂದೆ ನಿಲ್ಲಿಸಿ ಕಲಿಸುತ್ತಿದ್ದೆ. ಕೇದಾರೇಶ್ವರ ದೇವಾಲಯದ ಆವರಣದ ಶಾಸನಗಳಲ್ಲಿ ದಾನ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಶಕವರ್ಷ, ಯಾವ ತಿಥಿ, ಎಷ್ಟು ಭೂಮಿ, ಯಾವ ಸುಂಕ ಎಂಬುದನ್ನು ಬಿಡದೆ ಕಡೆದಿರುತ್ತಾರೆ. ನಿಮ್ಮ ಕೈಗೆ ಬಂದ ಬಾಕಿಯ ಕಾಗದಕ್ಕೂ ಇದೇ ಪ್ರಶ್ನೆ ಹಾಕಿ. ಕೇಳುತ್ತಿರುವವರು ಯಾರು? ಸಾಲ ಕೊಟ್ಟವರೇ, ಅವರ ವಕೀಲರೇ, ವಸೂಲಿಯವರೇ, ಕೋರ್ಟೇ? ಯಾವ ತಾರೀಖಿನ ಯಾವ ಕರಾರಿನ ಮೇಲೆ? ಅಸಲೆಷ್ಟು, ಬಡ್ಡಿಯೆಷ್ಟು, ಆಮೇಲೆ ಸೇರಿಸಿದ್ದೆಷ್ಟು? ಯಾವ ದಿನದೊಳಗೆ ಏನು ಮಾಡಬೇಕು? ಇವಕ್ಕೆ ಉತ್ತರವಿಲ್ಲದ ಕಾಗದ ಬಂದರೆ, ಈ ಪ್ರಶ್ನೆಗಳನ್ನೇ ಬರೆದು ಅವರಿಗೆ ಕಳಿಸಬೇಕು. ಬಾಯಿಮಾತು ಬೇಡ. ನಕಲು ಇಟ್ಟುಕೊಂಡು, ತಲುಪಿದ್ದಕ್ಕೆ ಸಾಕ್ಷಿ ಸಿಗುವ ಅಂಚೆಯಲ್ಲೇ ಕಳಿಸಬೇಕು. ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ, ತಲುಪಿಸಿದ ದಾಖಲೆ ಅದರಲ್ಲೂ ಸಿಗುತ್ತದೆ.

ಕಾಗದವನ್ನು ವಾಪಸ್ ಕಳಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೇಕೆಂದೇ ನಿರಾಕರಿಸಿದ ನೋಟಿಸು ತಲುಪಿದ ಹಾಗೆಯೇ ಎಂದು ನಮ್ಮ ಕೋರ್ಟುಗಳು ಹೇಳಿವೆ. ಇನ್ನೊಂದು ಎಚ್ಚರ ಸಹಿಯ ಬಗ್ಗೆ. ಬರಿಯ ಕೈಸಾಲಕ್ಕೆ, ಪ್ರಾಮಿಸರಿ ನೋಟಿನ ಸಾಲಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಂತೆ 3 ವರ್ಷದ ಗಡುವಿದೆ. ಗಡುವು ಮುಗಿಯುವ ಮೊದಲು ಸಾಲವನ್ನು ಒಪ್ಪಿಕೊಂಡು ಸಹಿ ಹಾಕಿದರೆ ಅಲ್ಲಿಂದ ಮತ್ತೆ 3 ವರ್ಷ ಶುರು. ಹಾಗಾಗಿ ಮನೆಗೆ ಬಂದವರು ಚಾಚಿದ ಹಾಳೆಗೆ ಓದದೆ ಸಹಿ ಹಾಕಬಾರದು. ಲೋಕ ಅದಾಲತ್ತಿನ ಕಾಗದ ಬಂದರೆ ಗಾಬರಿಯಾಗಬೇಕಾಗಿಲ್ಲ. ಅದು ವಾರಂಟಲ್ಲ, ರಾಜಿಗೆ ಕರೆಯುವ ಕರೆ. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿದ ಮೇಲೆ ಅದು ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿಯಿಲ್ಲ. ಆದ್ದರಿಂದ ನಿಮ್ಮಿಂದ ಕಟ್ಟಲಾಗುವ ಮೊತ್ತಕ್ಕಷ್ಟೇ ಒಪ್ಪಬೇಕು. ಕೋರ್ಟಿನ ಸಮನ್ಸು ಬಂದರೆ ಮಾತ್ರ ಒಂದು ದಿನವೂ ಕಳೆಯಬಾರದು. ಶಿಕಾರಿಪುರದಲ್ಲೂ ಸೊರಬದಲ್ಲೂ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ 1987ರ ಕಾಯ್ದೆಯಂತೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100 ಸಹಾಯವಾಣಿಗೆ ಫೋನು ಮಾಡಬಹುದು. ಬ್ಯಾಂಕಿನವರ, ಫೈನಾನ್ಸಿನವರ ಕಿರುಕುಳದ ದೂರಿಗೆ ರಿಸರ್ವ್ ಬ್ಯಾಂಕಿನ 14448 ಇದೆ.

ಅಣ್ಣನ ಮಗಳೂ ಇದೇ ಪ್ರಶ್ನೆಗಳಿಂದ ಶುರು ಮಾಡಿದಳು. ಮೊದಲು ಪಾರ್ಕಿಂಗ್ ಕಂಪನಿಗೂ ವಸೂಲಿಯವರಿಗೂ ಹೊಸ ವಿಳಾಸ ಬರೆದು ಕಳಿಸಿದಳು. ಅದು ಎಲ್ಲಕ್ಕಿಂತ ಮುಖ್ಯದ ಕೆಲಸವಾಗಿತ್ತು. ಹಳೆಯ ವಿಳಾಸಕ್ಕೆ ಕೋರ್ಟಿನ ಕಾಗದ ಹೋಗಿ, ಉತ್ತರವಿಲ್ಲದೆ ಏಕಪಕ್ಷೀಯ ತೀರ್ಪಾಗುವುದೇ ಅಲ್ಲಿನ ನಿಜವಾದ ಅಪಾಯ. ಅಲ್ಲಿ ದಾವೆಯ ಕಾಗದ ಬಂದರೆ 14 ದಿನದೊಳಗೆ ಉತ್ತರಿಸಬೇಕು, ತಲುಪಿದೆಯೆಂದು ಮೊದಲು ತಿಳಿಸಿದರೆ ಇನ್ನೂ 14 ದಿನ ಸಿಗುತ್ತದೆ. ಆಮೇಲೆ ಅವಳು ಬ್ಯಾಂಕ್ ಖಾತೆಯಿಂದ ಯಂತ್ರಕ್ಕೆ ಹಣ ಹೋದ ದಾಖಲೆ ತೆಗೆದಳು. ನಂಬರಿನಲ್ಲಿ ಒಂದು ಅಕ್ಷರ ತಪ್ಪಾದಂಥ ಸಣ್ಣ ತಪ್ಪಿಗೆ ಚಾರ್ಜು ಉಳಿಸಬಾರದೆಂದು ಆ ಉದ್ಯಮದ ನಡವಳಿಕೆ ಸಂಹಿತೆಯೇ ಹೇಳುತ್ತದೆ. ಆ ಮಾತನ್ನು ತೋರಿಸಿ, ದಾಖಲೆ ಲಗತ್ತಿಸಿ, ಒಂದು ಪುಟದ ಪತ್ರ ಬರೆದಳು. ಬೈಗುಳವಿಲ್ಲ, ಅಳಲಿಲ್ಲ, ತಾರೀಖು ಮತ್ತು ಲೆಕ್ಕ ಮಾತ್ರ. ಕೆಲವು ವಾರದ ಮೇಲೆ ಚಾರ್ಜು ರದ್ದಾಗಿದೆ ಎಂಬ ಕಾಗದ ಬಂತು. ಕ್ಷಮೆಯ ಮಾತು ಅದರಲ್ಲಿ ಇರಲಿಲ್ಲ. ಅತ್ತಿಗೆ ಚಂದ್ರಗುತ್ತಿಗೆ ಹೋಗಿ ಹರಕೆ ತೀರಿಸಿ ಬಂದರು.

ಸಾಲ ತೀರಿಸುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಅಪ್ಪ ಮಾಡಿದ ಸಾಲವನ್ನು ಅಡಿಕೆ ಕೊನೆ ಕೊನೆಯಾಗಿ ಮಾರಿ ತೀರಿಸಿದ ಮಕ್ಕಳನ್ನು ಎರಡೂ ತಾಲ್ಲೂಕಿನಲ್ಲಿ ನಾನು ಕಂಡಿದ್ದೇನೆ. ಇಂಥವರಿಂದ ಹಣ ವಸೂಲಿಗೆ ಹೆದರಿಕೆಯ ಅಗತ್ಯವೇ ಇಲ್ಲ. ಕೇಳಬೇಕಾದ ರೀತಿಯಲ್ಲಿ ಕೇಳಿದರೆ ಸಾಕು. ಹೆದರಿಸಿ ವಸೂಲಿ ಮಾಡಿದ ಹಣದಲ್ಲಿ ನ್ಯಾಯವಾದ ಬಾಕಿಯ ಜೊತೆಗೆ ಅನ್ಯಾಯದ ಬಾಕಿಯೂ ಸೇರಿರುತ್ತದೆ, ಹೆದರಿದವರು ಎರಡನ್ನೂ ಬೇರ್ಪಡಿಸಿ ನೋಡಲಾರರು.

ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ಹೆಸರು. ಮಕ್ಕಳು ಬರುತ್ತಾರೆ, ಪತ್ರಿಕೆ ಓದುವವರು ಬರುತ್ತಾರೆ. ವಾರಕ್ಕೊಂದು ಸಂಜೆ ಅಲ್ಲಿ ಕಾಗದ ಓದುವ ಹೊತ್ತೆಂದು ಇಡಬೇಕು ಎಂಬುದು ನನ್ನ ಬೇಡಿಕೆ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿದ್ದವರು, ಅಂಚೆಯಲ್ಲಿದ್ದವರು ಪ್ರತಿ ಊರಿನಲ್ಲೂ ಇದ್ದೇವೆ. ಕಾನೂನು ಸೇವಾ ಸಮಿತಿಯ ಅರೆ ಕಾನೂನು ಸ್ವಯಂಸೇವಕರು ಜೊತೆಗೂಡಬಹುದು. ಖರ್ಚು ಒಂದು ನೋಟ್‌ಬುಕ್ಕು, ನಾಲ್ಕು ಲಕೋಟೆ. ಒಬ್ಬ ಹೆಣ್ಣುಮಗಳು ನೋಟಿಸು ತಂದರೆ, ಅವಳೆದುರಿಗೇ ಒಡೆದು, ಗಟ್ಟಿಯಾಗಿ ಓದಿ, ಉತ್ತರ ಬರೆದು, ಅವಳ ಕೈಗೆ ನಕಲು ಕೊಟ್ಟು ಕಳಿಸೋಣ. ಶಿಕಾರಿಪುರದ ಕಡೆ ನಾನು ಕೂರಲು ತಯಾರಿದ್ದೇನೆ. ಸೊರಬದ ಕಡೆ ಯಾರಾದರೂ ಮುಂದೆ ಬರಲಿ.